ಹಳೇ ಬಟ್ಟೆಯ ಕಾಗದ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಮೊಮ್ಮಕ್ಕಳು ಓದಿದರೆ ನನ್ನನ್ನು ಹೇಗೆ ನೋಡುತ್ತಾರೋ ಎಂಬ ಅಂಜಿಕೆ.

ಅರವತ್ತರ ದಶಕದ ಕೊನೆಯಲ್ಲಿ ಹುಣಸೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿಯಿತ್ತು. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಕೈಯಲ್ಲೇ ಕಾಗದ ಮಾಡುತ್ತಿದ್ದ. ಹತ್ತಿಬಟ್ಟೆಯ ಚೂರು ನೆನೆಸಿ, ಕುಟ್ಟಿ, ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತಿ ಒಣಗಿಸಿ, ಆ ಹಾಳೆಯ ಮೇಲೆ ಚಿತ್ರ ಬರೆಯುತ್ತಿದ್ದ. ನಾನು ಗುಡಿಸಿ ಬಿಸಾಡುವ ಬಿಳಿ ಚೂರುಗಳೆಲ್ಲ ಅವನಿಗೇ. ಊರಿನವರು ಅವನನ್ನು ಆರ್ಟಿಸ್ಟ್ ಎನ್ನುತ್ತಿದ್ದರು. ನಾನು ಬರೀ ಟೈಲರ್.

ಕೆ.ಆರ್. ನಗರದ ಒಂದು ಶಾಲೆ ವಾರ್ಷಿಕೋತ್ಸವದ ಪ್ರಶಸ್ತಿಪತ್ರಗಳನ್ನು ಅವನಿಂದ ಮಾಡಿಸಲು ಒಪ್ಪಿತು. ಇದೊಂದು ಚೆನ್ನಾಗಿ ಆದರೆ ಬೇರೆ ಶಾಲೆಗಳೂ ಕರೆಯುತ್ತವೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಕೂಲಿ ಹೋಗುವುದು ತಪ್ಪುತ್ತದೆ ಎಂದು ಕುಣಿದಾಡಿದ. ಅವನ ಗೋಡೆಯ ತುಂಬ ಒಣಗುತ್ತಿದ್ದ ಹಾಳೆಗಳನ್ನು ನೋಡಿ ನನಗೆ ಅನುಮಾನ ಹುಟ್ಟಿತು. ನನ್ನ ಚೂರುಗಳಲ್ಲಿ ಅಷ್ಟು ಹಾಳೆ ಆಗುವುದಿಲ್ಲ.

"ಮಿಕ್ಕಿದ್ ಬಟ್ಟೆ ಎಲ್ಲಿಂದ ತತ್ತೀಯಲಾ?" ಎಂದೆ.

"ಬತ್ತದೆ ಬುಡ್ಲಾ. ನೀನೇನ್ ಪೋಲೀಸಾ?" ಎಂದು ನಕ್ಕ.

ಆ ನಗು ನನಗೆ ಸರಿಬರಲಿಲ್ಲ. ಅವನ ಮೇಲೆ ಕಣ್ಣಿಟ್ಟೆ. ಒಂದು ಬೆಳಿಗ್ಗೆ ಮೂಟೆ ಹೊತ್ತು ಲಕ್ಷ್ಮಣತೀರ್ಥ ಹೊಳೆಯ ಕಡೆ ಹೋದವನ ಹಿಂದೆಯೇ ಹೋದೆ. ಸುಡುಗಾಡಿನ ಕೆಳಗಿನ ಕಲ್ಲಿನ ಮೇಲೆ ಬಿಳಿ ಬಟ್ಟೆ ಒಗೆಯುತ್ತಿದ್ದ. ಹೆಣದ ಮೇಲಿನ ಬಟ್ಟೆಯನ್ನು ಜನ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅವನು ಅದನ್ನು ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ. ಆದರೂ ಅಂದೇ ಹೋಟೆಲಿನಲ್ಲಿ ಕೂತು, "ಆ ಕಾಗ್ದ ಯಾತರದ್ದು ಅಂತ ಕೇಳ್ರಪ್ಪ. ಸುಡ್ಗಾಡ್ ಬಟ್ಟೇದು ಕಣ್ರೋ" ಎಂದೆ.

ವಾರದೊಳಗೆ ಮಾತು ಕೆ.ಆರ್. ನಗರ ಮುಟ್ಟಿತು. ಅಂಥ ಕಾಗದವನ್ನು ಮಕ್ಕಳ ಕೈಗೆ ಕೊಡುವುದೇ ಎಂದು ಶಾಲೆಯವರು ಬೇಡವೆಂದರು.

ಮರುದಿನ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ಸರಗೂರು, ಹಾರನಹಳ್ಳಿ ಕಡೆ ಬಳೆ ಮಾರುತ್ತಿದ್ದವಳು. ಬಳೆಗೆ ಬದಲಾಗಿ ಹಳೇ ಪಂಚೆ, ಸೀರೆ ಈಸಿಕೊಂಡು ಗಂಡನಿಗೆ ತಂದುಕೊಡುತ್ತಿದ್ದಳೆಂದು ಅವಳ ಬಾಯಿಂದಲೇ ಕೇಳಿದೆ. ಹೆಂಡತಿ ಊರೂರು ಸುತ್ತಿ ಚಿಂದಿ ತರುತ್ತಾಳೆ ಎನ್ನಲು ಅವನಿಗೆ ನಾಚಿಕೆಯಂತೆ. ಮೂಟೆ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಳು.

"ಇದ್ರಲ್ಲಿ ಎಣದ್ದು ಯಾವ್ದು ತೋರ್ಸಣ್ಣ. ಇದು ನನ್ ಮಗೀನ್ ತೊಟ್ಲು ಬಟ್ಟೆ. ಇದಾ?"

ಗಿರಾಕಿಗಳು ನೋಡುತ್ತಿದ್ದರು. "ಜನ ಅಂದ್ರು ಕಣವ್ವ, ನಂಗೇನ್ ಗೊತ್ತು" ಎಂದು ಮಿಷಿನ್ ತುಳಿಯತೊಡಗಿದೆ. ಒಂದೊಂದೇ ಬಟ್ಟೆ ಮಡಿಸಿ ಕಟ್ಟಿಕೊಂಡು ಹೋದಳು.

ಅವನು ಕಾಗದ ಬಿಟ್ಟು ಪಿರಿಯಾಪಟ್ಟಣದ ಬ್ಯಾರನ್ ಸೇರಿದ. ಎಷ್ಟೋ ವರ್ಷದ ಮೇಲೆ ಅವನ ಮನೆಗೆ ಹೋಗಿ, ಕೈ ಹಿಡಿದು ತಪ್ಪೊಪ್ಪಿಕೊಂಡೆ. "ಅಳೇದೆಲ್ಲ ಯಾಕ್ಲಾ, ಕಾಫಿ ಕುಡಿ" ಎಂದ. ಅವಳು ಒಳಗಿದ್ದಳು. ಕೆಮ್ಮು ಕೇಳಿಸುತ್ತಿತ್ತು. ಗಂಡನಿಗೆ ಹೇಳಿದೆನಲ್ಲ, ಸಾಕು ಎಂದುಕೊಂಡು ಎದ್ದು ಬಂದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವಳನ್ನು, ಆ ಆರ್ಟಿಸ್ಟನ ಹೆಂಡತಿಯನ್ನು.