ಬಾವಿಗೆ ಬಿಟ್ಟ ಮದುಮಗಳು

ಬೆಳಿಗ್ಗೆ ನೆಗೆಣ್ಣಿ, ನನ್ನ ಮೈದುನನ ಹೆಂಡತಿ ಗಂಗವ್ವ, ಅರಿಶಿನ ಕೇಳಲು ಬಂದಳು. ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆಗೆ ನನಗೆ ಕಪ್ಪೆ ನೆನಪಾಯಿತು. ನಗಬೇಡಿ. ಹುನಗುಂದದ ಕಡೆಯ ನಮ್ಮೂರಲ್ಲಿ ಮಳೆ ತಡವಾದರೆ ಎರಡು ಕಪ್ಪೆ ಹಿಡಿದು, ಅರಿಶಿನ ಹಚ್ಚಿ, ಮದುವೆ ಮಾಡಿ ಬಾವಿಗೆ ಬಿಡುತ್ತೇವೆ.

ಮದುಮಗಳನ್ನು ಆರಿಸುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಹೆಸರು ಬರೆಯುವಷ್ಟು ಅಕ್ಷರ ಕಲಿತವಳು ನಾನು. ಬೇರೆ ಯಾವುದಕ್ಕೂ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಮೆತ್ತನೆ ಮಣ್ಣು ಕೆದರಿದರೆ ಉಬ್ಬಿದ ಪೂರಿಯಂಥ ಕಪ್ಪೆ ಸಿಗುತ್ತದೆ. ದಪ್ಪಗಿದೆ, ಹಾಗಾದರೆ ಹೆಣ್ಣು ಎಂದೆ. ಊರು ಒಪ್ಪಿತು. ನಾನೂ ಸ್ವಲ್ಪ ಉಬ್ಬಿದೆ.

ಹೋದ ವರ್ಷ ಕಪ್ಪೆಗಳ ಬಗ್ಗೆ ಓದುವ ಹುಡುಗಿಯೊಬ್ಬಳು ಬಾಗಲಕೋಟೆಯಿಂದ ಬಂದಿದ್ದಳು. ಅರಿಶಿನ ಹಚ್ಚಿದ ಮದುಮಗಳನ್ನು ಅಂಗೈಯಲ್ಲಿ ಮಗುಚಿ ಹಿಂಗಾಲು ತೋರಿಸಿದಳು.

"ಆಯಿ, ಇಲ್ಲಿ ನೋಡ್ರಿ. ಸಲಿಕಿ ಹಂಗ ಗಟ್ಟಿ ಗಂಟು ಐತಿ. ಇದು ನೆಲಾ ತೋಡೋ ಕಪ್ಪಿ."

"ಮದುಮಗಳ ಕಾಲುಂಗರಾ ಅಂತ ತಿಳಿಯವಾ," ಎಂದೆ. ಹೆಂಗಸರು ನಕ್ಕರು.

"ಗಂಟಲಾ ಕರ್ರಗೈತ್ರಿ. ಹೆಣ್ಣಲ್ಲ, ಗಂಡು."

"ಯಕ್ಕಾ, ಇಷ್ಟು ವರ್ಷ ಇಬ್ಬರು ವರರನ್ನ ಕೂಡಿಸೀ ಏನ?" ಗಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ನಗೆಯನ್ನಾದರೂ ಸಹಿಸಬಹುದಿತ್ತು. ಹುಡುಗಿ ಬಾವಿಗೆ ಬಗ್ಗಿ ನೋಡಿದಳು. ಮೆಟ್ಟಿಲಿಲ್ಲದ ಕಲ್ಲಿನ ಬಾವಿ.

"ಇದು ಮಣ್ಣಾಗ ಇರೂದ್ರಿ ಆಯಿ. ಈ ಗ್ವಾಡಿ ಹತ್ತಾಕ ಇದಕ್ಕ ಬರೂದಿಲ್ಲ. ಈಸಿ ಈಸಿ ಸೋತು ಸಾಯತೈತಿ."

ಹಿಂದೆಲ್ಲ ಮದುವೆಯಾದ ಕೆಲವು ದಿನಕ್ಕೆ ಕೊಡದಲ್ಲಿ ಸತ್ತ ಕಪ್ಪೆ ಬಂದದ್ದುಂಟು. ಯಾವುದೋ ಕಪ್ಪೆ ಎಂದು ಕಾಲು ಹಿಡಿದು ಎಸೆದಿದ್ದೆ. ಅರಿಶಿನ ತೊಳೆದುಹೋದ ಮೇಲೆ ನನ್ನ ಮದುಮಗಳ ಗುರುತು ನನಗೇ ಸಿಕ್ಕಿರಲಿಲ್ಲ. ಅಂದು ಎಲ್ಲರೆದುರು ಮುಖ ಎತ್ತಲಾರದೆ ಎರಡೂ ಕಪ್ಪೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಿಟ್ಟುಬಂದೆ. ಆ ವರ್ಷ ಮಳೆಯೂ ಸರಿಯಾಗಿ ಆಗಲಿಲ್ಲ. ಕೆಟ್ಟ ಹೆಸರು ಯಾರಿಗೆ ಬಂತು ಎಂದು ಬೇರೆ ಹೇಳಬೇಕೇ?

ಈ ಸಲ ಆರಿಸಿದವಳು ಗಂಗವ್ವ. ಅರಿಶಿನ ಕೊಡುತ್ತ, "ಬಾವ್ಯಾಗ ಬಿಡಬ್ಯಾಡವಾ, ಸಾಯತೈತಿ," ಎಂದೆ.

"ಹೋದ ವರ್ಷ ನೀ ಬಿಡಲಿಲ್ಲ, ಮಳಿ ಎಲ್ಲಿ ಬಂತು? ನಿನಗ ಹೊಟ್ಟಿಕಿಚ್ಚು," ಎಂದು ಹೋದಳು. ಎಲ್ಲಿ ಕೆದರಿದರೆ ಆ ಕಪ್ಪೆ ಸಿಗುತ್ತದೆ ಎಂದು ಅವಳಿಗೆ ಕಲಿಸಿದವಳು ನಾನೇ.

ಮದುವೆ ಮುಗಿಯಿತು, ಕಪ್ಪೆಗಳನ್ನು ಬಾವಿಗೆ ಬಿಟ್ಟರು. ಬುಟ್ಟಿಗೆ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ಕೂತಿದ್ದೇನೆ. ನೀರಿಗೆ ಬಂದವರು, "ಏನ್ ಹಿಡೀತಿ ಆಯಿ, ಮೀನಾ?" ಎನ್ನುತ್ತಾರೆ. ಗಂಗವ್ವ ಆರಿಸಿದ ಕಪ್ಪೆ ಕಲ್ಲು ಕೆರೆಯುತ್ತದೆ, ಜಾರುತ್ತದೆ. ಬುಟ್ಟಿಯನ್ನು ಅದರ ಹತ್ತಿರ ಸರಿಸಲು ನಾನು ಬಗ್ಗಿದರೆ ಸಾಕು, ಮುಳುಗಿಬಿಡುತ್ತದೆ. ಅದಕ್ಕೆ ನನ್ನ ಗುರುತು ಸಿಕ್ಕಿರಬೇಕು.