ಸಫಿಯಾ ಏದ್ದೊ ಮಾಡಿದ ನೀಲಿ ಕೇಕ್

ಬೆಣ್ಣೆಗೆ ಸಕ್ಕರೆಪುಡಿ ಹಾಕಿ ಕಡೆಯುವಾಗ ಏಳುವ ಆ ಸಿಹಿಯಾದ, ತುಸು ಜಿಡ್ಡಾದ ವಾಸನೆ ಈಗಲೂ ನನ್ನನ್ನು ನಿಂತಲ್ಲೇ ಹಿಡಿದು ನಿಲ್ಲಿಸುತ್ತದೆ. ಹೋದ ವಾರ ನೈರೋಬಿಯ ಅಪ್ಪರ್ ಹಿಲ್‌ನ ನಮ್ಮ ಆಫೀಸಿಗೆ ಯಾರದೋ ಬೀಳ್ಕೊಡುಗೆಯ ಕೇಕ್ ಬಂತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ಸೌತ್ ಸಿ ಬಡಾವಣೆಯ ಮೂರಂತಸ್ತಿನ ಹಳೆಯ ಕಟ್ಟಡದ ಕೆಳಮನೆಯಲ್ಲಿದ್ದೆ. ನನಗಾಗ ಹತ್ತು ವರ್ಷ. ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ನಾವು ಮೇಲಿನ ಮನೆಯಲ್ಲಿದ್ದೆವು. ಕೆಳಗೆ ಸಫಿಯಾ, ಅವರ ಗಂಡ ನೂರ್ ಅಂಕಲ್, ಮಗಳು ಇಫ್ರಾ. ಇಫ್ರಾ ನನ್ನ ಕ್ಲಾಸಿನವಳು. ಅವಳ ನೆಂಟರ ಮಕ್ಕಳೆಲ್ಲ ಸಫಿಯಾರನ್ನು ಏದ್ದೊ ಎನ್ನುತ್ತಿದ್ದರು. ಸೊಮಾಲಿಯಲ್ಲಿ ಹಾಗೆಂದರೆ ಸೋದರತ್ತೆ. ನೈರೋಬಿಯಲ್ಲಿ ನನಗೆ ಬೇರೆ ಸೋದರತ್ತೆ ಇರಲಿಲ್ಲವಾದ್ದರಿಂದ ನಾನೂ ಹಾಗೇ ಕರೆದೆ.

ಏದ್ದೊ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದರು. ಮದುವೆಗೆ, ಹುಟ್ಟುಹಬ್ಬಕ್ಕೆ, ಎಲ್ಲಕ್ಕೂ. ಮೊಟ್ಟೆ ತಿನ್ನದ ನನ್ನ ಅಮ್ಮನಿಗಾಗಿ ಮೊಸರು ಹಾಕಿ ಬೇರೆಯೇ ಒಂದು ಪುಟ್ಟ ಕೇಕ್ ಬೇಯಿಸಿ, ಏಲಕ್ಕಿ ಉದುರಿಸಿ, ಬಿಸಿಬಿಸಿಯಾಗಿ ಮೇಲಕ್ಕೆ ಕಳಿಸುತ್ತಿದ್ದರು. ಅವರು ಹರ್ಗೈಸಾ ಊರಿನವರು, ನೂರ್ ಅಂಕಲ್ ಸೊಮಾಲಿಯಾದ ರಾಜಧಾನಿ ಮೊಗದಿಶುವಿನವರು. ಹರ್ಗೈಸಾದವರು ತಮ್ಮದು ಸೊಮಾಲಿಲ್ಯಾಂಡ್ ಎಂಬ ಬೇರೆ ದೇಶ ಎನ್ನುತ್ತಾರೆ. ಮೊಗದಿಶುವಿನವರು ಅಂಥ ದೇಶವೇ ಇಲ್ಲ ಎನ್ನುತ್ತಾರೆ. ಮೇ ತಿಂಗಳಲ್ಲಿ ಮೊದಲಿನವರ ಸ್ವಾತಂತ್ರ್ಯದ ಹಬ್ಬಕ್ಕೆ ಅವರ ಬಾವುಟದ ಹಸಿರು, ಬಿಳಿ, ಕೆಂಪಿನ ಕೇಕ್. ಜುಲೈಯಲ್ಲಿ ಎರಡನೆಯವರ ಹಬ್ಬಕ್ಕೆ ನೀಲಿಯ ನಡುವೆ ಬಿಳಿ ನಕ್ಷತ್ರವಿರುವ ಕೇಕ್. ಎರಡನ್ನೂ ಏದ್ದೊ ಅದೇ ಬೋಗುಣಿಯಲ್ಲಿ ಕಲಸಿ ಅದೇ ಓವನ್ನಿನಲ್ಲಿ ಬೇಯಿಸುತ್ತಿದ್ದರು. ಹಸಿರು ಪಟ್ಟಿಯ ಮೇಲಿನ ಪವಿತ್ರ ಅರಬಿ ಅಕ್ಷರಗಳನ್ನು ಮಾತ್ರ ಬರೆಯುತ್ತಿರಲಿಲ್ಲ. ಚಾಕು ಹಾಕಿ ಕತ್ತರಿಸುವ ವಸ್ತುವಿನ ಮೇಲೆ ಅವನ್ನು ಬರೆಯಬಾರದು ಎನ್ನುತ್ತಿದ್ದರು. ಬಾವುಟದ ಬಗ್ಗೆ ಆ ಮನೆಯಲ್ಲಿ ನಾನು ಕೇಳಿದ ಚರ್ಚೆ ಅಷ್ಟೇ.

ಈ ಹಬ್ಬ ನಡೆಸುವ ಸಮಿತಿಗಳವರ ಬಗ್ಗೆ ನನಗೆ ಆಗ ಭಯವಿತ್ತು, ಈಗ ಬರೀ ತಾತ್ಸಾರ. ಆರ್ಡರ್ ಕೊಡಲು ಬಂದವರು ಸೋಫಾದ ಮೇಲೆ ಕಾಲು ಚಾಚಿ ಕೂತು, ಏದ್ದೊ ಕೊಟ್ಟ ಚಹಾ ಕುಡಿಯುತ್ತ, ಕೇಕಿನ ಬಗ್ಗೆ ನೂರ್ ಅಂಕಲ್ ಹತ್ತಿರ ಮಾತಾಡುತ್ತಿದ್ದರು. ನೂರ್ ಅಂಕಲ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೆದು ಮನುಷ್ಯ. ಅವರಿಗೆ ಮೈದಾಕ್ಕೂ ಸಕ್ಕರೆಪುಡಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಬಂದವರ ಜೇಬಿನಲ್ಲಿ ಬೇರೆ ಬೇರೆ ದೇಶಗಳ ಪಾಸ್‌ಪೋರ್ಟ್, ಕೋಟಿನ ಮೇಲೆ ಬಾವುಟದ ಬಿಲ್ಲೆ. ಊರು ಬಿಟ್ಟು ಎಷ್ಟು ದೂರ ಬಂದಿದ್ದರೋ ಅಷ್ಟು ದೊಡ್ಡದಾಗಿತ್ತು ಬಿಲ್ಲೆ.

ಆ ಜುಲೈಯ ಕೇಕ್ ಒಂದು ಕಿಟಕಿಯಷ್ಟು ಅಗಲವಿತ್ತು. ನೂರ್ ಅಂಕಲ್ ಕಾರಿನ ಹಿಂದಿನ ಸೀಟು ಮಡಚಿ ಅದನ್ನಿಟ್ಟು, ಆಚೆ ಈಚೆ ನನ್ನನ್ನೂ ಇಫ್ರಾಳನ್ನೂ ಕೂರಿಸಿದರು. ಅಲುಗದಂತೆ ಹಿಡಿದುಕೊಳ್ಳುವುದು ನಮ್ಮ ಕೆಲಸ. ಲಾರಿಗಳ ಜಾಮ್‌ನಲ್ಲಿ ಕಾರು ಮುಕ್ಕಾಲು ಗಂಟೆ ನಿಂತಿತು. ಕಿಟಕಿ ಮುಚ್ಚಿದ್ದರಿಂದ ಬೆಣ್ಣೆಯ ವಾಸನೆ ಕಾರಿನ ತುಂಬ ಹರಡಿ ಬಾಯಲ್ಲಿ ನೀರೂರಿತು. ಇಫ್ರಾ ತೂಕಡಿಸುತ್ತಿದ್ದಳು. ನನ್ನ ಕಡೆಗಿದ್ದ ನಕ್ಷತ್ರದ ತುದಿಯನ್ನು ಬೆರಳಿನಿಂದ ಒಂದಿಷ್ಟೇ ತೆಗೆದು ನೆಕ್ಕಿದೆ. ಆಮೇಲೆ ಇನ್ನೊಂದಿಷ್ಟು.

ಬಾಡಿಗೆ ಹಾಲ್‌ನಲ್ಲಿ ಭಾಷಣಗಳೆಲ್ಲ ಮುಗಿದ ಮೇಲೆ ಕೇಕಿನ ಮೇಲಿದ್ದ ಬಟ್ಟೆ ಸರಿಸಿದರು. ಚಪ್ಪಾಳೆ. ಚಿನ್ನದ ಫ್ರೇಮಿನ ಕನ್ನಡಕದವನೊಬ್ಬ ಬಗ್ಗಿ ನೋಡಿ ಏನೋ ಅಂದ. ಚಪ್ಪಾಳೆ ನಿಂತಿತು. ಅವನ ಮಾತನ್ನು ಇಫ್ರಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು: ನಕ್ಷತ್ರದ ಐದು ತುದಿಗಳೆಂದರೆ ಸೊಮಾಲಿಗಳಿರುವ ಐದು ನಾಡುಗಳು. ಇದರಲ್ಲಿ ಒಂದು ತುದಿ ಗಿಡ್ಡ. ಮಾಡಿದವಳು ಹರ್ಗೈಸಾದವಳು. ತನ್ನ ನಾಡನ್ನು ಬೇಕೆಂದೇ ಕತ್ತರಿಸಿ ನಮಗೆ ಕೇಕ್ ಕಳಿಸಿದ್ದಾಳೆ.

ಗಿಡ್ಡ ತುದಿ ಹರ್ಗೈಸಾದ್ದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಆ ದೊಡ್ಡ ಮನುಷ್ಯರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಹರ್ಗೈಸಾ ಇರುವುದು ಉತ್ತರ ದಿಕ್ಕಿಗೆ, ಆ ಉತ್ತರ ಯಾವ ಕಡೆ ಎಂದು ಜಗಳವಾಯಿತು. ಒಬ್ಬ ಮೊಬೈಲ್ ತೆಗೆದು ದಿಕ್ಸೂಚಿ ನೋಡಿದ. ನಾಲ್ಕು ಜನ ಸೇರಿ ಮೇಜನ್ನೇ ತಿರುಗಿಸಿದರು. ತಿರುಗಿಸಿದಾಗ ಗಿಡ್ಡ ತುದಿ ಉತ್ತರಕ್ಕೆ ಬಂತು, ಅಪರಾಧ ಸಾಬೀತಾಯಿತು. ಐದಾರು ಫೋನುಗಳು ವಿಡಿಯೊ ಮಾಡುತ್ತಿದ್ದವು.

ನಮಗಿಂತ ಮೊದಲೇ ಬಂದಿದ್ದ ಏದ್ದೊ ಹಾಲ್‌ನ ಅಡುಗೆಮನೆಯ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡೇ ನಿಂತಿದ್ದರು. "ಅದು ಕೇಕ್. ಒಳಗೆ ಮೈದಾ, ಮೊಟ್ಟೆ, ಸಕ್ಕರೆ ಇದೆ. ಹರ್ಗೈಸಾ ಇಲ್ಲ," ಎಂದರು.

ಯಾರೂ ನಗಲಿಲ್ಲ. ಅಧ್ಯಕ್ಷ ಎನಿಸಿಕೊಂಡವನು ಮೈಕನ್ನು ನೂರ್ ಅಂಕಲ್ ಕೈಗೆ ಕೊಟ್ಟು, "ನಿನ್ನ ಹೆಂಡತಿ ಪರವಾಗಿ ನೀನು ಕ್ಷಮೆ ಕೇಳು," ಎಂದ. ನಾನು ಮಾಡಿದ್ದು ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಕೂಗಲಿಲ್ಲ. ನೂರ್ ಅಂಕಲ್ ಹೆಂಡತಿಯ ಕಡೆ ಒಮ್ಮೆ ನೋಡಿ, ಮೈಕ್ ಬಾಯಿಗೆ ಹಿಡಿದು, ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿದರು. ಏದ್ದೊ ಏಪ್ರನ್ ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು.

ಆಮೇಲೆ ಆ ದೇಶದ್ರೋಹಿ ಕೇಕನ್ನು ದೇಶಭಕ್ತರು ಸಾಲಾಗಿ ನಿಂತು ತಿಂದರು. ಚಿನ್ನದ ಕನ್ನಡಕದವನು ಎರಡು ಸಲ ಹಾಕಿಸಿಕೊಂಡ. ಒಂದು ಚೂರೂ ಉಳಿಯಲಿಲ್ಲ.

ವಿಡಿಯೊ ವಾರದೊಳಗೆ ಎಲ್ಲರ ಫೋನಿಗೂ ಹೋಗಿತ್ತು. ನೀಲಿಯವರು ಆರ್ಡರ್ ನಿಲ್ಲಿಸಿದರು. ನಕ್ಷತ್ರವಿರುವ ಕೇಕ್ ಯಾಕೆ ಮಾಡಿದೆ ಎಂದು ಹಸಿರಿನವರೂ ನಿಲ್ಲಿಸಿದರು. ಈ ಒಂದು ವಿಷಯದಲ್ಲಿ ಎರಡೂ ದೇಶಗಳಿಗೆ ಒಮ್ಮತ. "ಒಂದು ಕೇಕ್‌ಗೆ ಇಷ್ಟೊಂದು ರಂಪಾನಾ? ಟೂ ಮಚ್ ಕಣ್ರೀ ಈ ಜನ," ಎಂದು ಅಪ್ಪ ನಕ್ಕರು. ಅದೇ ನವೆಂಬರ್‌ನಲ್ಲಿ ನಮ್ಮ ಕನ್ನಡದವರ ಕೂಟದಲ್ಲಿ, ಕೆಂಪು ಹಳದಿ ಬಾವುಟದ ಕೋಲು ಮೂರು ಬಣ್ಣದ್ದಕ್ಕಿಂತ ಎಷ್ಟು ಗಿಡ್ಡ ಇರಬೇಕು ಎಂದು ಟೇಪ್ ಹಿಡಿದು ಅಳೆದವರಲ್ಲಿ ಅಪ್ಪನೂ ಒಬ್ಬರು. ಅಮ್ಮ ಮಾತ್ರ ದಿನವೂ ಕೆಳಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು.

ಡಿಸೆಂಬರ್ ರಜೆಯಲ್ಲಿ ಏದ್ದೊ ಇಫ್ರಾಳನ್ನು ಕರೆದುಕೊಂಡು ಹರ್ಗೈಸಾದ ಅಕ್ಕನ ಮನೆಗೆ ಹೊರಟರು. ಅವರು ತಿರುಗಿ ಬರುವುದಿಲ್ಲ ಎಂದು ಓವನ್ ಮಾರಿದಾಗಲೇ ತಿಳಿಯಿತು. ಅವರು ಕೇಕ್ ಅಚ್ಚುಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ನಾನು ಹತ್ತಿರ ಹೋಗಿ, ಅಳುತ್ತ, ಕಾರಿನಲ್ಲಿ ನಡೆದದ್ದನ್ನು ಹೇಳಿದೆ.

"ಗೊತ್ತು. ಬೆರಳಿನ ಗುರುತು ಅಷ್ಟು ಚಿಕ್ಕದಿತ್ತು," ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ, ಮುಹಿಂಡಿ ಹುಡುಗಿ ನಮ್ಮ ನಕ್ಷತ್ರ ನೆಕ್ಕಿದಳು ಅಂತ ಇನ್ನೊಂದು ಭಾಷಣ ಆಗ್ತಿತ್ತು." ಮುಹಿಂಡಿ ಎಂದರೆ ಇಲ್ಲಿ ಇಂಡಿಯಾದವರು. ಏದ್ದೊ ನನ್ನ ಮೂಗು ಒರೆಸಿದರು. "ನಾನು ಹೋಗ್ತಿರೋದು ನಕ್ಷತ್ರಕ್ಕಲ್ಲ, ಮಗು. ಅವರು ಮೈಕ್ ಕೊಟ್ಟರು, ಇವರು ತಗೊಂಡರು. ಅದಕ್ಕೆ."

ನೂರ್ ಅಂಕಲ್ ಇನ್ನೂ ಏಳೆಂಟು ತಿಂಗಳು ಆ ಮನೆಯಲ್ಲಿ ಒಬ್ಬರೇ ಇದ್ದರು. ಆಮೇಲೆ ಮೊಂಬಾಸಾ ಕಡೆ ಹೋದರಂತೆ. ಮುಂದಿನದು ನಮಗೆ ತಿಳಿಯದು. ಕಟ್ಟಡವೂ ಈಗಿಲ್ಲ, ಅಲ್ಲೊಂದು ಹದಿನಾಲ್ಕು ಮಹಡಿಯದು ಎದ್ದಿದೆ. ಆ ತಿಂಗಳುಗಳಲ್ಲಿ ಭಾನುವಾರ ಮಧ್ಯಾಹ್ನ ನಾನೂ ಅಮ್ಮನೂ ಅವರಿಗೆ ಚಪಾತಿ ಪಲ್ಯ ತೆಗೆದುಕೊಂಡು ಹೋಗುತ್ತಿದ್ದೆವು. ಅವರು ಇಫ್ರಾಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಡುತ್ತಿದ್ದರು. ಏದ್ದೊ ಒಮ್ಮೆಯೂ ಫೋನಿಗೆ ಬರಲಿಲ್ಲ. ಸ್ಕೂಲು ಹೇಗಿದೆ, ಮಳೆ ಬಂತಾ, ಏನು ತಿಂದೆ ಎಂದು ಅಂಕಲ್ ಅದದನ್ನೇ ಕೇಳುತ್ತಿದ್ದರು, ಇಫ್ರಾ ಬೇಸರದಿಂದ ಒಂದೊಂದೇ ಪದ ಹೇಳುತ್ತಿದ್ದಳು. ನಡುವೆ ಆ ಕಡೆಯಿಂದ, ದೂರದಲ್ಲಿ, ಬೋಗುಣಿಯೊಂದನ್ನು ಚಮಚದಿಂದ ಕೆರೆಯುವ ಸದ್ದು ಬರುತ್ತಿತ್ತು. ಆಗ ಅಂಕಲ್ ಮಾತು ನಿಲ್ಲಿಸಿ, ನಮಗೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿ, ಫೋನಿನ ಹತ್ತಿರಕ್ಕೆ ಬಾಗುತ್ತಿದ್ದರು.