ಹಿಮ್ಮಡಿಯ ತಾಳ

ಅವಳ ಹಾಡಿಗೆ ಡ್ರಮ್ ಇರುವುದಿಲ್ಲ. ಒಂದು ಗಿಟಾರ್, ಕಾಲಡಿಗೆ ಹಳೆಯ ಹಲಗೆ, ಅದರ ಮೇಲೆ ಬೂಟಿನ ಹಿಮ್ಮಡಿ, ಅಷ್ಟೇ. ಚರ್ಚಿನ ಭಕ್ತಿಗೀತೆ, ಬ್ಲೂಸ್, ಹಳ್ಳಿಗಾಡಿನ ಕಂಟ್ರಿ ಮೂರೂ ಅವಳ ಗಂಟಲಲ್ಲಿ ಒಂದೇ ಹಾಡಾಗುತ್ತವೆ. ಯಾವ ಕಂಪನಿಗೂ ಸೇರದೆ ತನ್ನ ಗ್ಯಾರೇಜಿನಲ್ಲೇ ರೆಕಾರ್ಡ್ ಮಾಡುತ್ತಾಳೆ. ಅಮೆರಿಕದ ಷಾರ್ಲೆಟ್‌ನಲ್ಲಿ ನಮ್ಮ ಎದುರು ಮನೆಯವಳು. ಕೋವಿಡ್ ಕಾಲದಲ್ಲಿ ಅವಳ ಮನೆ ಮುಂದಿನ ಡ್ರೈವ್‌ವೇಯಲ್ಲಿ ದೂರ ಕುಳಿತು ಹಾರ್ಮೋನಿಯಂ ನುಡಿಸತೊಡಗಿದ ನಾನು, ಆಮೇಲೆ ಅವಳ ಹಾಡಿನ ಜೊತೆಗಾರ್ತಿಯೇ ಆದೆ.

ಕೋವಿಡ್ ಇಳಿದ ಮೇಲೆ, ನಮ್ಮ ಕನ್ನಡದವರ ರಾಜ್ಯೋತ್ಸವಕ್ಕೆ ಅವಳನ್ನು ಕರೆತಂದವಳು ನಾನೇ. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ವೇದಿಕೆಯ ಮೂಲೆಯಲ್ಲಿ ಭುವನೇಶ್ವರಿಯ ಪಟ, ದೀಪ. ನಮ್ಮ ಸರದಿ ಬಂದಾಗ ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯರು ಅವಳ ಕಾಲನ್ನು ನೋಡಿದರು.

"ಶೂಸ್ ರಿಮೂವ್ ಮಾಡಕ್ಕೆ ಹೇಳಮ್ಮ. ದೀಪ ಹಚ್ಚಿದೀವಿ."

"ಅಂಕಲ್, ಅದೇ ಅವಳ ಡ್ರಮ್ಮು."

"ಬರಿಗಾಲಲ್ಲಿ ಹೊಡೀಲಿ. ನಮ್ ಹುಡುಗೀರು ಭರತನಾಟ್ಯದಲ್ಲಿ ಹೊಡೆಯಲ್ವಾ?"

ಪಕ್ಕದಲ್ಲಿದ್ದ ಅವರ ಹೆಂಡತಿ ನಡುದಾರಿ ಸೂಚಿಸಿದರು: "ಶೂ ಕವರ್ ಹಾಕ್ಸ್ರೀ, ಹಾಸ್ಪಿಟಲ್ ತರ."

"ಅವ್ಳು ಆಪರೇಷನ್ ಮಾಡಕ್ಕೆ ಬಂದಿಲ್ಲ ಆಂಟಿ," ಎಂದೆ. ಯಾರೂ ನಗಲಿಲ್ಲ.

ನಡೆದದ್ದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ದನಿ ಏರಿಸಲಿಲ್ಲ.

"ನನ್ನಜ್ಜಿ ಸೌತ್ ಕೆರೊಲಿನಾದ ಮಣ್ಣುದಾರಿಯಲ್ಲಿ ಬರಿಗಾಲಲ್ಲೇ ಚರ್ಚಿಗೆ ನಡೆಯುತ್ತಿದ್ದಳು. ಇದ್ದ ಒಂದು ಜೊತೆ ಶೂ ಸವೆಯಬಾರದು ಅಂತ ಕೈಯಲ್ಲಿ ಹಿಡಿದುಕೊಂಡು. ಬಾಗಿಲಲ್ಲಿ ಕಾಲೊರೆಸಿ ಹಾಕಿಕೊಳ್ಳುತ್ತಿದ್ದಳು. ಊರಿನವರ ಮುಂದೆ ಹೇಗಾದರೂ ಇರು, ದೇವರ ಮುಂದೆ ಬರಿಗಾಲಲ್ಲಿ ನಿಲ್ಲಬೇಡ ಅನ್ನುತ್ತಿದ್ದಳು. ಅವರ ಚರ್ಚಿನಲ್ಲಿ ಡ್ರಮ್ ಇರಲಿಲ್ಲ. ನೆಲವೇ ಡ್ರಮ್. ನಾನು ಇದನ್ನು ಬಿಚ್ಚುವುದಿಲ್ಲ."

ನಾವು ಬಾಗಿಲಲ್ಲಿ ಬಿಟ್ಟು ಬರುವುದನ್ನು ಅವರು ಬಾಗಿಲಲ್ಲಿ ಹಾಕಿಕೊಳ್ಳುತ್ತಿದ್ದರು. ಎರಡೂ ದೇವರಿಗಾಗಿಯೇ. ಇದನ್ನೇ ಅಂಕಲ್‌ಗೆ ಹೇಳಿದೆ.

"ಅರ್ಥ ಆಗುತ್ತಮ್ಮ. ನಮ್ದೂ ಸೆಂಟಿಮೆಂಟ್ ಅಲ್ವಾ? ನೆಕ್ಸ್ಟ್ ಐಟಂ ಕರೀತೀನಿ." ಅವರು ಮೈಕ್ ಎತ್ತಿಕೊಂಡರು.

ಅವಳು ಆಗಲೇ ಹಲಗೆಯನ್ನು ಕಂಕುಳಿಗೆ ಸೇರಿಸಿದ್ದಳು. "ವೇದಿಕೆ ಅವರದು. ನಾನು ಕೆಳಗೆ ಹಾಡುತ್ತೇನೆ."

"ಅಲ್ಲಿಗೆ ಮೈಕ್ ವೈರ್ ಬರಲ್ಲ," ಎಂದರು ಅಂಕಲ್, ಅವಳಿಗಲ್ಲ, ನನಗೆ. ನಾನು ಹಾರ್ಮೋನಿಯಂ ಎತ್ತಿಕೊಂಡಾಗ ದನಿ ತಗ್ಗಿಸಿದರು. "ನೀನ್ ಇಲ್ಲೇ ಇರು. ನೀನು ನಮ್ಮವಳು."

ಪಕ್ಕದ ಮೆಟ್ಟಿಲಿನಿಂದ ಪೆಟ್ಟಿಗೆಯನ್ನು ಎದೆಗವಚಿ ಇಳಿದೆ.

ಮೊದಲ ಸಾಲಿನ ಮುಂದೆ ಅವಳು ಹಲಗೆ ಹಾಕಿದಳು. ಮೇಲೆ ಮುಂದಿನ ಕಾರ್ಯಕ್ರಮದ ಹೆಸರು ಕೂಗಿದರು. ಅದು ಮುಗಿಯುವ ಮೊದಲೇ ಹಿಮ್ಮಡಿ ಬಿತ್ತು. ಮತ್ತೆ ಬಿತ್ತು. ಕೊನೆಯ ಸಾಲಿನವರು ಎದ್ದು ನಿಂತರು, ಯಾರು ಹಾಡುತ್ತಿದ್ದಾರೆಂದು ನೋಡಲು. ಮೇಲೆ ಅಂಕಲ್ ಮೈಕನ್ನು ಕೆಳಗಿಳಿಸಿದರು. ಅವಳ ದನಿಗೆ ಮೈಕ್ ಬೇಕಿರಲಿಲ್ಲ.

ಹಾಡು ಮುಗಿದ ಮೇಲೆ ಅಂಕಲ್ ಕೆಳಗಿಳಿದು ಬಂದರು. "ವೆರಿ ಪವರ್‌ಫುಲ್. ನೆಕ್ಸ್ಟ್ ಇಯರ್ ಸ್ಟೇಜ್ ಮೇಲೇ ಇಟ್ಕೊಳ್ಳೋಣ. ಶೂಸ್ ಒಂದು..."

ನಾನು ಅನುವಾದಿಸಲಿಲ್ಲ. ಅವಳಿಗೆ ಹೇಗೋ ತಿಳಿಯಿತು. ಬಾಗಿ ಬೂಟಿನ ದಾರವನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.

ನಾನು ಮಾತ್ರ ಆಗಲೂ ಬರಿಗಾಲಲ್ಲೇ ಇದ್ದೆ. ಹಾರ್ಮೋನಿಯಂ ಮುಂದೆ ಕೂರುವಾಗ ಚಪ್ಪಲಿ ಬಿಡುವುದು ನನ್ನ ರೂಢಿ. ಅವಳ ಡ್ರೈವ್‌ವೇಯಲ್ಲೂ ಬಿಡುತ್ತೇನೆ. ಹಾಕಿಕೋ ಎಂದು ಅವಳು ಯಾವತ್ತೂ ಹೇಳಿದವಳಲ್ಲ.